ಮಾಯದ ಗಾಯ: ಮಧುಮೇಹಿಗಳ ಪಾದದ ಹುಣ್ಣು ಮತ್ತು ರಕ್ತಹೀನತೆ

ಮಧುಮೇಹದಿಂದ ಬಳಲುವವರ ಪಾದದಲ್ಲಿ ಏಳುವ ಹುಣ್ಣಿಗೆ ವೈದ್ಯಶಾಸ್ತ್ರವು ಬಹುಕಾಲದಿಂದ ಮೂರು ಕಾರಣಗಳನ್ನು ಹೇಳುತ್ತ ಬಂದಿದೆ: ಸ್ಪರ್ಶಜ್ಞಾನ ಕಳೆದುಕೊಂಡ ನರಗಳು, ಕಿರಿದಾದ ರಕ್ತನಾಳಗಳು ಮತ್ತು ಗಾಯದೊಳಗೆ ಬೇರೂರುವ ಸೋಂಕು. ನರ ಮರಗಟ್ಟಿದ್ದರಿಂದ ಗಾಯವಾದದ್ದು ತಿಳಿಯುವುದಿಲ್ಲ, ನಾಳ ಕಟ್ಟಿಕೊಂಡದ್ದರಿಂದ ಆದ ಗಾಯ ಮಾಯುವುದಿಲ್ಲ, ಸೋಂಕು ತಗಲಿದ್ದರಿಂದ ಮಾಯದ ಗಾಯ ಕೀವಾಗಿ ಕಾಲಿಗೆ ಏರುತ್ತದೆ ಎಂಬ ಈ ವಿವರಣೆ ಸರಿಯಾದದ್ದೇ. ಆದರೆ ನಾಳ ಎಷ್ಟು ತೆರೆದಿದೆ ಎಂದು ಅಳೆದು ನೋಡುವ ವೈದ್ಯಕೀಯವು ಆ ನಾಳದಲ್ಲಿ ಹರಿಯುವ ರಕ್ತ ಎಂಥದ್ದು ಎಂದು ಕೇಳುವುದನ್ನು ಅನೇಕ ವೇಳೆ ಮರೆಯುತ್ತದೆ. ಪಾದದ ಹುಣ್ಣಿಗಾಗಿ ಆಸ್ಪತ್ರೆ ಸೇರುವ ಮಧುಮೇಹಿಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇರುವುದನ್ನು ಭಾರತವೂ ಸೇರಿದಂತೆ ಹಲವು ದೇಶಗಳ ಆಸ್ಪತ್ರೆ ಅಧ್ಯಯನಗಳು ದಾಖಲಿಸಿವೆ. ಹುಣ್ಣು ಆಳವಾದಷ್ಟೂ ಹಿಮೋಗ್ಲೋಬಿನ್ ಕೆಳಗಿಳಿದಿರುವುದೂ, ಬೆರಳು ಅಥವಾ ಕಾಲು ತೆಗೆಯಬೇಕಾಗಿ ಬಂದವರಲ್ಲಿ ರಕ್ತಹೀನತೆ ಹೆಚ್ಚಾಗಿರುವುದೂ ಅವುಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಈ ನಂಟಿನ ಸ್ವರೂಪವೇನು, ಬಾಗಲಕೋಟೆ ಜಿಲ್ಲೆಯ ತೇರದಾಳ ಸೀಮೆಯ ಜನಜೀವನಕ್ಕೆ ಅದು ಹೇಗೆ ಸಂಬಂಧಿಸಿದೆ ಎಂಬುದು ಪ್ರಸ್ತುತ ಉಪನ್ಯಾಸದ ವಿಷಯವಾಗಿದ್ದು, ಹುಣ್ಣಿರುವ ಮಧುಮೇಹಿಯಲ್ಲಿ ರಕ್ತ ಕಡಿಮೆಯಾಗಿದೆ ಎಂದು ಕಂಡಾಗ ಏಕೆ ಕಡಿಮೆಯಾಯಿತೆಂದು ಹುಡುಕದೆ ಟಾನಿಕ್ ಬರೆದು ಕಳಿಸುವುದು ಅರ್ಧ ಚಿಕಿತ್ಸೆಯೂ ಆಗುವುದಿಲ್ಲವೆಂಬುದೇ ಇಲ್ಲಿನ ಮುಖ್ಯ ಪ್ರತಿಪಾದನೆಯಾಗಿದೆ.

ರಕ್ತಹೀನತೆ ಎಂದರೆ ರಕ್ತದ ಪ್ರಮಾಣ ಕಡಿಮೆಯಾಗುವುದಲ್ಲ. ಕೆಂಪು ರಕ್ತಕಣಗಳೊಳಗಿದ್ದು ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಪ್ರೋಟೀನು ಕಡಿಮೆಯಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 100 ಮಿಲಿಲೀಟರ್ ರಕ್ತದಲ್ಲಿ ವಯಸ್ಕ ಗಂಡಸಿಗೆ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇಕಡ 57 ಮಂದಿ, ಅದೇ ವಯಸ್ಸಿನ ಗಂಡಸರಲ್ಲಿ ಶೇಕಡ 25 ಮಂದಿ ರಕ್ತಹೀನರಾಗಿದ್ದರು. ಕರ್ನಾಟಕದ ಮಹಿಳೆಯರಲ್ಲಿ ಈ ಪ್ರಮಾಣ ಅರ್ಧಕ್ಕೆ ಸಮೀಪವಿತ್ತು. ಇನ್ನೊಂದೆಡೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಅಂದರೆ ಹತ್ತು ಕೋಟಿಗೂ ಮಿಕ್ಕಿದ ಜನರಿಗೆ, ಮಧುಮೇಹವಿದೆಯೆಂದು ಅಂದಾಜಿಸಿತು. ಮಧುಮೇಹಿಗಳಲ್ಲಿ ನೂರಕ್ಕೆ 19ರಿಂದ 34 ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣಿಗೆ ತುತ್ತಾಗುತ್ತಾರೆ, ಒಮ್ಮೆ ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವವರ ಪಾಲು ಸುಮಾರು ಶೇಕಡ 40 ಎಂಬುದು ಜಾಗತಿಕ ಅಂದಾಜು. ಇಷ್ಟು ದೊಡ್ಡ ಎರಡು ಪ್ರವಾಹಗಳು ಒಂದೇ ನಾಡಿನಲ್ಲಿ ಹರಿಯುವಾಗ ಅವು ಒಂದೇ ದೇಹದಲ್ಲಿ ಕೂಡುವುದು ಅನಿರೀಕ್ಷಿತವೇನಲ್ಲ.

ಕೃಷ್ಣೆ ಮತ್ತು ಘಟಪ್ರಭೆಯ ನಡುವಣ ಈ ಸೀಮೆಯಲ್ಲಿ, ತೇರದಾಳ, ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿಗಳಲ್ಲಿ, ದುಡಿಮೆ ಬಹುಪಾಲು ಕಾಲಿನ ಮೇಲೆ ನಿಂತಿದೆ. ಕಬ್ಬು ಕಟಾವಾದ ಹೊಲದಲ್ಲಿ ಉಳಿಯುವ ಕೂಳೆಯ ಮೊನೆ, ಬದುವಿನ ಜಾಲಿಮುಳ್ಳು, ಅರಿಷಿಣದ ಮಡಿಗಳ ಸದಾ ಹಸಿಯಾದ ಮಣ್ಣು, ಪವರ್‌ಲೂಮ್ ಮುಂದೆ ತಾಸುಗಟ್ಟಲೆ ನಿಲ್ಲುವ ನೇಕಾರನ ಹಿಮ್ಮಡಿ, ಕೈಮಗ್ಗದ ಗುಂಡಿಯೊಳಗೆ ಹಲಗೆ ತುಳಿಯುವ ಪಾದ: ಇವೆಲ್ಲ ಆರೋಗ್ಯವಂತನಿಗೆ ದಿನನಿತ್ಯದ ಸಂಗತಿಗಳು, ಪಾದದ ಅರಿವು ಹೋದ ಮಧುಮೇಹಿಗೆ ಅಪಾಯಗಳು. ಕಾಲು ಜೋಮು ಹಿಡಿದಿದೆ, ಅಂಗಾಲು ಉರಿಯುತ್ತದೆ, ಚಪ್ಪಲಿ ಜಾರಿ ಹೋದದ್ದೇ ತಿಳಿಯಲಿಲ್ಲ ಎನ್ನುವ ಮಾತುಗಳನ್ನು ಮನೆಯವರು ವಯಸ್ಸಿನ ಲಕ್ಷಣವೆಂದು ಕೇಳಿ ಬಿಡುತ್ತಾರೆ. ವಾಸ್ತವದಲ್ಲಿ ಅವು ನರಗಳ ಹಾನಿಯ ಸ್ಪಷ್ಟ ಸೂಚನೆಗಳು. ಅಂಗಾಲಿನಲ್ಲಿ ಒತ್ತಡ ಬೀಳುವಲ್ಲಿ ಚರ್ಮ ಗಟ್ಟಿಯಾಗಿ ಆಣಿಯಂತೆ ಕಾಣುತ್ತದೆ, ಆ ಗಟ್ಟಿ ಪದರದ ಕೆಳಗೆ ಮಾಂಸ ಜಜ್ಜಿ ರಕ್ತ ಹೆಪ್ಪುಗಟ್ಟುತ್ತದೆ, ಮುಂದೊಂದು ದಿನ ಅದು ಒಡೆದು ಹುಣ್ಣಾಗಿ ತೋರುತ್ತದೆ. ನೋವಿಲ್ಲದ ಈ ಹುಣ್ಣಿನ ಮೇಲೆಯೇ ರೋಗಿ ಮತ್ತೆ ನಡೆಯುತ್ತಾನೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಪಾದಗಳನ್ನು ಅಭ್ಯಾಸ ಮಾಡಿ, ಆ ಪಾದಗಳ ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವರಿಯದ ಪಾದದ ಮೇಲೆ ನಡೆದದ್ದರಿಂದಲೇ ಅದು ಸವೆದು ಹುಣ್ಣಾಗುತ್ತದೆ, ಭಾರ ತಪ್ಪಿಸಿ ಪ್ಲಾಸ್ಟರ್ ಹಾಕಿದರೆ ಮಾಯುತ್ತದೆ ಎಂದು ತೋರಿಸಿದ್ದು ಇಂದಿನ ಮಧುಮೇಹಿ ಪಾದಚಿಕಿತ್ಸೆಯ ತಳಹದಿಗಳಲ್ಲೊಂದು. ದಕ್ಷಿಣ ಭಾರತದ ಬಡ ರೋಗಿಗಳ ಪಾದದಿಂದ ಕಲಿತ ಪಾಠವೊಂದು ಜಗತ್ತಿನ ಎಲ್ಲ ಮಧುಮೇಹ ಚಿಕಿತ್ಸಾಲಯಗಳಿಗೆ ಹೋಗಿ ಸೇರಿತೆಂಬುದು ಹೆಮ್ಮೆಯಿಂದ ನೆನೆಯಬೇಕಾದ ವಿಷಯ.

ಭಾರ ತಪ್ಪಿಸಿದ ಮೇಲೂ, ಸಕ್ಕರೆ ಹತೋಟಿಗೆ ಬಂದ ಮೇಲೂ ಕೆಲವು ಹುಣ್ಣುಗಳು ಮಾಯುವುದಿಲ್ಲ. ಅಲ್ಲಿ ರಕ್ತದ ಪ್ರಶ್ನೆ ಎದುರಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದಿಡಬಲ್ಲದು. ಆದ್ದರಿಂದ 15 ಗ್ರಾಂ ಇರುವ ವ್ಯಕ್ತಿಯ 100 ಮಿಲಿಲೀಟರ್ ರಕ್ತ ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಹೊತ್ತರೆ, 8 ಗ್ರಾಂಗೆ ಇಳಿದವನ ರಕ್ತ 11 ಮಿಲಿಲೀಟರನ್ನೂ ಹೊರಲಾರದು. ಗಾಯ ಮಾಯುವ ಕೆಲಸವಾದರೋ ಆಮ್ಲಜನಕವನ್ನು ಬಹಳ ಬೇಡುವಂಥದ್ದು. ಗಾಯದ ತಳದಲ್ಲಿ ಹೊಸ ಮಾಂಸವನ್ನು ಹೆಣೆಯುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಗಟ್ಟಿಗೊಳ್ಳಲು ಆಮ್ಲಜನಕ ಬೇಕು, ಹೊಸ ಸೂಕ್ಷ್ಮ ರಕ್ತನಾಳಗಳು ಚಿಗುರಿ ಉಳಿಯಲು ಅದು ಬೇಕು, ಸೋಂಕಿನ ಸೂಕ್ಷ್ಮಾಣುಗಳನ್ನು ನುಂಗಿದ ಬಿಳಿ ರಕ್ತಕಣಗಳು ಅವುಗಳನ್ನು ಕೊಲ್ಲುವುದೂ ಆಮ್ಲಜನಕದಿಂದ ತಯಾರಿಸಿದ ತೀಕ್ಷ್ಣ ರಾಸಾಯನಿಕಗಳಿಂದಲೇ.

ಇಷ್ಟು ಹೇಳಿದರೆ ರಕ್ತಹೀನತೆಯೇ ಗಾಯ ಮಾಯದಿರುವುದಕ್ಕೆ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ವಿಜ್ಞಾನವು ಇಲ್ಲಿ ಒಂದು ಎಚ್ಚರಿಕೆಯನ್ನು ನೀಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಥಾಮಸ್ ಹಂಟ್ ಮತ್ತು ಸಂಗಡಿಗರು ಗಾಯ ಮತ್ತು ಆಮ್ಲಜನಕದ ಕುರಿತು ನಡೆಸಿದ ದೀರ್ಘಕಾಲದ ಸಂಶೋಧನೆಯಿಂದ, ರಕ್ತನಾಳಗಳು ಚೆನ್ನಾಗಿದ್ದು ದೇಹದಲ್ಲಿ ದ್ರವದ ಕೊರತೆ ಇಲ್ಲದಿದ್ದರೆ ಸಾಧಾರಣ ಮಟ್ಟದ ರಕ್ತಹೀನತೆಯೊಂದೇ ಗಾಯದ ವಾಸಿಗೆ ದೊಡ್ಡ ಅಡ್ಡಿಯಾಗುವುದಿಲ್ಲವೆಂದು ತಿಳಿದುಬಂತು. ಅದಕ್ಕೆ ಕಾರಣವೂ ಇದೆ. ರಕ್ತ ತೆಳುವಾದಾಗ ಹೃದಯ ಹೆಚ್ಚು ಬಡಿಯುತ್ತದೆ, ನಾಳಗಳು ಹಿಗ್ಗುತ್ತವೆ, ಹರಿವು ಹೆಚ್ಚಾಗಿ ಕೊರತೆಯನ್ನು ತುಂಬುತ್ತದೆ. ಮಧುಮೇಹಿಯ ಕಾಲಿನಲ್ಲಿ ನಡೆಯಲಾರದ್ದು ಇದೇ. ಮೊಣಕಾಲಿನ ಕೆಳಗಿನ ಅಪಧಮನಿಗಳು ಕಿರಿದಾಗಿ, ಗೋಡೆಗಳಲ್ಲಿ ಸುಣ್ಣದಂಶ ಸೇರಿ ಬಿರುಸಾಗಿರುವುದರಿಂದ ಅವು ಹಿಗ್ಗಲಾರವು. ಅನೇಕರ ಹೃದಯವೂ ಹೆಚ್ಚಿನ ದುಡಿಮೆಗೆ ಸಿದ್ಧವಿರುವುದಿಲ್ಲ. ಹೀಗೆ ಹರಿವನ್ನು ಹೆಚ್ಚಿಸಿಕೊಳ್ಳುವ ದಾರಿ ಮುಚ್ಚಿರುವ ಕಾಲಿನಲ್ಲಿ, ಬೇರೆಯವರು ಗಮನಿಸದೆ ದಾಟಿಹೋಗುವ 10 ಗ್ರಾಂನ ರಕ್ತಹೀನತೆಯೂ ಗಾಯದ ಅಂಚನ್ನು ಕಪ್ಪಾಗಿಸಬಲ್ಲದು. ಇದರ ಅರ್ಥ, ಹಿಮೋಗ್ಲೋಬಿನ್ ಸಂಖ್ಯೆಯನ್ನು ಪಾದದ ನಾಡಿ ಮುಟ್ಟಿ ನೋಡದೆ ಓದಬಾರದು, ಪಾದದ ನಾಡಿಯನ್ನೂ ಹಿಮೋಗ್ಲೋಬಿನ್ ನೋಡದೆ ಓದಬಾರದು. ಕಾಲಿನ ಹಿಮ್ಮಡಿಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಂದಿಗೆ ಹೋಲಿಸಿ ಪಡೆಯುವ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆಯೆಂದು ಅರ್ಥ. ಆದರೆ ಗೋಡೆ ಬಿರುಸಾದ ಮಧುಮೇಹಿಗಳಲ್ಲಿ ಅದೇ ಅನುಪಾತ ಸುಳ್ಳಾಗಿ ಹೆಚ್ಚು ಬರುವುದರಿಂದ ಕಾಲ್ಬೆರಳಿನ ಒತ್ತಡವನ್ನೂ ಅಳೆಯಬೇಕಾಗುತ್ತದೆ.

ನಂಟು ಒಂದೇ ದಿಕ್ಕಿನದೂ ಅಲ್ಲ. ರಕ್ತಹೀನತೆ ಹುಣ್ಣನ್ನು ಉಳಿಸುವಂತೆ ಹುಣ್ಣು ರಕ್ತಹೀನತೆಯನ್ನು ಹುಟ್ಟಿಸುತ್ತದೆ, ಮತ್ತು ಹುಣ್ಣಿರುವವರಲ್ಲಿ ಅತಿ ಸಾಮಾನ್ಯವಾಗಿ ಕಾಣುವ ರಕ್ತಹೀನತೆ ಈ ಬಗೆಯದೇ. ವಾರಗಟ್ಟಲೆ ಕೀವು ತುಂಬಿ ಉರಿಯುವ ಗಾಯವಿದ್ದಾಗ ದೇಹದಲ್ಲಿ ಉರಿಯೂತದ ಸಂದೇಶಗಳು ಹರಡಿ, ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. 2000ದ ಆಸುಪಾಸಿನಲ್ಲಷ್ಟೇ ಗುರುತಿಸಲ್ಪಟ್ಟ ಈ ಹಾರ್ಮೋನು ಕರುಳಿನಿಂದ ಕಬ್ಬಿಣ ಒಳಬರುವ ಬಾಗಿಲನ್ನೂ, ಸಂಗ್ರಹದಿಂದ ಕಬ್ಬಿಣ ಹೊರಬರುವ ಬಾಗಿಲನ್ನೂ ಏಕಕಾಲಕ್ಕೆ ಮುಚ್ಚುತ್ತದೆ. ಹಗೇವಿನಲ್ಲಿ ಜೋಳ ತುಂಬಿದ್ದರೂ ಬಾಯಿಗೆ ಕಲ್ಲು ಹೇರಿ ಮುಚ್ಚಿದ್ದರಿಂದ ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದಂಥ ಸ್ಥಿತಿ ಅದು. ಸೂಕ್ಷ್ಮಾಣುಗಳೂ ಬೆಳೆಯಲು ಕಬ್ಬಿಣವನ್ನೇ ಬಯಸುವುದರಿಂದ ಅವುಗಳಿಗೆ ಅದು ಸಿಗದಂತೆ ದೇಹವು ಹೂಡಿದ ರಕ್ಷಣೋಪಾಯವೇ ಇದು. ಕೆಲವು ದಿನಗಳ ಜ್ವರದಲ್ಲಿ ಉಪಯುಕ್ತವಾದ ಈ ಉಪಾಯ ತಿಂಗಳುಗಟ್ಟಲೆ ಉಳಿದ ಹುಣ್ಣಿನಲ್ಲಿ ಎಲುಬಿನ ಮಜ್ಜೆಯನ್ನು ಹಸಿವಿನಲ್ಲಿಡುತ್ತದೆ. ಇಂಥ ರೋಗಿಗೆ ನುಂಗಲು ಕೊಟ್ಟ ಕಬ್ಬಿಣದ ಗುಳಿಗೆ ಬಹುಪಾಲು ಮಲದಲ್ಲಿ ಹೋಗಿಬಿಡುತ್ತದೆ. ಅವನಿಗೆ ಮೊದಲು ಬೇಕಾದದ್ದು ಕೀವು ತೆಗೆಯುವುದು, ಸತ್ತ ಮಾಂಸ ಕತ್ತರಿಸುವುದು, ಎಲುಬಿಗೆ ಸೋಂಕು ಇಳಿದಿದೆಯೇ ಎಂದು ನೋಡುವುದು. ಪಾದ ಸ್ವಚ್ಛವಾದ ಮೇಲೆ ಹಿಮೋಗ್ಲೋಬಿನ್ ಬೇರೆ ಯಾವ ಔಷಧವೂ ಇಲ್ಲದೆ ಕ್ರಮೇಣ ಏರುವುದುಂಟು.

ಸಂಗ್ರಹದಲ್ಲಿರುವ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ ಎಂಬ ಪರೀಕ್ಷೆಯೂ ಈ ಕಾರಣಕ್ಕೆ ದಾರಿ ತಪ್ಪಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ ಆ ಗೆರೆಯನ್ನು 70ಕ್ಕೆ ಏರಿಸಿದೆ. ಏಕೆಂದರೆ ಉರಿಯೂತವೇ ಫೆರಿಟಿನನ್ನು ಮೇಲೆತ್ತುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಸಾಮಾನ್ಯವೆಂದು ಮುದ್ರಿತವಾದ ಸಂಖ್ಯೆಯ ಹಿಂದೆ ನಿಜವಾದ ಕೊರತೆ ಅಡಗಿರಬಹುದು.

ಮೂತ್ರಪಿಂಡದ ಕಥೆ ಬೇರೆ. ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಮಜ್ಜೆಗೆ ಆಜ್ಞೆ ಕೊಡುವ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು ಹುಟ್ಟುವುದು ಮೂತ್ರಪಿಂಡದಲ್ಲಿ. ಮಧುಮೇಹವು ಮೂತ್ರಪಿಂಡವನ್ನು ಹಾಳುಮಾಡುತ್ತ ಹೋದಂತೆ ಈ ಆಜ್ಞೆ ಕ್ಷೀಣಿಸುತ್ತದೆ; ಅಷ್ಟೇ ಮಟ್ಟಿಗೆ ಮೂತ್ರಪಿಂಡ ಕೆಟ್ಟ ಇತರ ರೋಗಿಗಳಿಗಿಂತ ಮಧುಮೇಹಿಗಳಲ್ಲಿ ರಕ್ತಹೀನತೆ ಬೇಗ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಪಾದದ ಹುಣ್ಣಿಗೆ ಬಂದ ರೋಗಿಯ ಬಿಳುಚಿದ ಕಣ್ಣುಗಳು ಮೂತ್ರಪಿಂಡದ ಸುದ್ದಿಯನ್ನು ಹೇಳುತ್ತಿರಬಹುದು, ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಆ ಸುದ್ದಿ ತಿಳಿಯುವುದಿಲ್ಲ. ಹಾರ್ಮೋನಿನ ಕೊರತೆಯಿದ್ದರೆ ಅದನ್ನು ಚುಚ್ಚುಮದ್ದಾಗಿ ಕೊಟ್ಟು ರಕ್ತವನ್ನು ಪೂರ್ಣ ಸಾಮಾನ್ಯ ಮಟ್ಟಕ್ಕೆ ತರಬಾರದೇ ಎಂಬ ಪ್ರಶ್ನೆಗೆ 2009ರಲ್ಲಿ ಪ್ರಕಟವಾದ ಟ್ರೀಟ್ ಎಂಬ ದೊಡ್ಡ ಪ್ರಯೋಗ ಉತ್ತರ ಕೊಟ್ಟಿತು: ಮಧುಮೇಹ, ಮೂತ್ರಪಿಂಡದ ಕಾಯಿಲೆ ಮತ್ತು ರಕ್ತಹೀನತೆ ಮೂರೂ ಇದ್ದ 4,038 ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಹಿಮೋಗ್ಲೋಬಿನನ್ನು 13ಕ್ಕೆ ಏರಿಸುವ ಗುರಿಯಿಟ್ಟು ಔಷಧ ಕೊಟ್ಟಾಗ ಸಾವು ಕಡಿಮೆಯಾಗಲಿಲ್ಲ, ಬದಲಿಗೆ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾಯಿತು. ರಕ್ತ ತುಂಬಿಸುವುದೇ ಗುರಿಯಾದಾಗ ಏನಾಗುತ್ತದೆ ಎಂಬುದಕ್ಕೆ ಈ ಪ್ರಯೋಗ ಕಣ್ಣಮುಂದಿನ ನಿದರ್ಶನ. ರೋಗಿಯ ಮನೆಯವರು ಒಂದು ಬಾಟಲಿ ರಕ್ತ ಏರಿಸಿಬಿಡಿ ಎಂದು ಒತ್ತಾಯಿಸುವುದುಂಟು. ಹಿಮೋಗ್ಲೋಬಿನ್ 7ಕ್ಕಿಂತ, ಹೃದ್ರೋಗಿಗಳಲ್ಲಿ 8ಕ್ಕಿಂತ ಕೆಳಗಿಳಿಯದ ಹೊರತು ಸ್ಥಿರವಾಗಿರುವ ರೋಗಿಗೆ ಸಾಮಾನ್ಯವಾಗಿ ರಕ್ತ ಕೊಡುವುದಿಲ್ಲವೆಂಬ ಇಂದಿನ ವೈದ್ಯಕೀಯ ಕ್ರಮದ ಹಿಂದೆ ಜಿಪುಣತನವಿಲ್ಲ, ವಿವೇಕವಿದೆ.

ತೇರದಾಳ ಸೀಮೆಯಲ್ಲಿ ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಬಿ12 ಜೀವಸತ್ವದ ಕೊರತೆ. ಲಿಂಗಾಯತ ಮತ್ತು ಜೈನ ಮನೆತನಗಳು ಬಹುಸಂಖ್ಯೆಯಲ್ಲಿರುವ ಇಲ್ಲಿ ತಲೆತಲಾಂತರದಿಂದ ಸಸ್ಯಾಹಾರ ನಡೆದುಬಂದಿದೆ. ಬಿ12 ಗಿಡಗಳಲ್ಲಿ ಸಿಗುವುದಿಲ್ಲ. ಅದನ್ನು ತಯಾರಿಸುವವು ಸೂಕ್ಷ್ಮಾಣುಗಳು, ಮನುಷ್ಯನಿಗೆ ಅದು ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಜನ್ಯ ಆಹಾರದಿಂದ. ಹಾಲು ಮೊಸರು ಧಾರಾಳವಾಗಿರುವ ಮನೆಯಲ್ಲಿ ಇದು ಒಂದಿಷ್ಟು ಸಿಗುತ್ತದೆ. ಹಾಲನ್ನೆಲ್ಲ ಡೈರಿಗೆ ಹಾಕಿ ನೀರು ಮಜ್ಜಿಗೆಯನ್ನಷ್ಟೇ ಉಳಿಸಿಕೊಳ್ಳುವ ಮನೆಯಲ್ಲಿ, ಅದರಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ, ಬಹಳ ಕಡಿಮೆ. ಇದರ ಮೇಲೆ ಮಧುಮೇಹಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಗುಳಿಗೆ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೊಳ್ಳುವುದಕ್ಕೆ ಅಡ್ಡಿಮಾಡುತ್ತದೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷಗಳು ಕಳೆದಷ್ಟೂ ಈ ಪರಿಣಾಮ ಬಲವಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಆ ಔಷಧದ ಸಾಮಾನ್ಯ ಅಡ್ಡಪರಿಣಾಮವೆಂದೇ ಸಾರಿ, ಅಪಾಯವಿರುವವರಲ್ಲಿ ಕಾಲಕಾಲಕ್ಕೆ ಬಿ12 ಪರೀಕ್ಷಿಸಬೇಕೆಂದು ಸೂಚಿಸಿತು. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಅದನ್ನು ಯಾರೂ ಈ ಕಾರಣಕ್ಕೆ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಅದನ್ನು ವರ್ಷಗಟ್ಟಲೆ ನುಂಗುತ್ತಿರುವ ಸಸ್ಯಾಹಾರಿಯ ಬಿ12 ನೋಡದೆ ಬಿಡುವುದು ಮಾತ್ರ ಸಲ್ಲದು.

ಬಿ12 ಕೊರತೆಗೆ ಈ ವಿಷಯದಲ್ಲಿ ವಿಶೇಷ ಸ್ಥಾನವಿರುವುದು ಅದು ಪಾದವನ್ನು ಎರಡು ಕಡೆಯಿಂದ ಹೊಡೆಯುವುದರಿಂದ. ಒಂದೆಡೆ ಮಜ್ಜೆಯಲ್ಲಿ ಕೆಂಪುಕಣಗಳು ಬಲಿಯದೆ ರಕ್ತಹೀನತೆ ಉಂಟಾಗುತ್ತದೆ, ಇನ್ನೊಂದೆಡೆ ನರಗಳ ಹೊದಿಕೆ ಹಾಳಾಗಿ ಜೋಮು, ಉರಿ, ಸ್ಪರ್ಶನಾಶ ಕಾಣಿಸಿಕೊಳ್ಳುತ್ತವೆ. ಮಧುಮೇಹದಿಂದ ಆದ ನರಹಾನಿಯನ್ನು ಹಿಂದಿರುಗಿಸುವುದು ಕಷ್ಟ. ಬಿ12 ಕೊರತೆಯಿಂದ ಆದದ್ದನ್ನು ಬೇಗ ಹಿಡಿದರೆ ತಿದ್ದಬಹುದು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಎಲ್ಲವೂ ಶುಗರ್‌ನಿಂದ ಎಂದುಬಿಟ್ಟರೆ ತಿದ್ದಬಹುದಾದದ್ದೂ ಕೈತಪ್ಪುತ್ತದೆ. ಇಲ್ಲಿ ಮತ್ತೊಂದು ತೊಡಕಿದೆ: ಬಿ12 ಕೊರತೆಯಲ್ಲಿ ಕೆಂಪುಕಣಗಳು ದೊಡ್ಡದಾಗುತ್ತವೆ, ಕಬ್ಬಿಣದ ಕೊರತೆಯಲ್ಲಿ ಸಣ್ಣದಾಗುತ್ತವೆ, ಎರಡೂ ಒಟ್ಟಿಗೆ ಇದ್ದಾಗ ಕಣಗಳ ಸರಾಸರಿ ಗಾತ್ರ ಸಾಮಾನ್ಯವೆಂದೇ ಯಂತ್ರ ತೋರಿಸುತ್ತದೆ. ಎರಡೂ ಕೊರತೆಗಳು ಒಂದೇ ಅಡುಗೆಮನೆಯಲ್ಲಿ ಹುಟ್ಟುವ ಪ್ರದೇಶದಲ್ಲಿ ಗಾತ್ರದ ಒಂದು ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಅಹಿಂಸೆಯನ್ನು ವ್ರತವಾಗಿ ಪಾಲಿಸುವವರಿಗೆ ಈ ಚಿಕಿತ್ಸೆಯಲ್ಲಿ ಅಡ್ಡಿಯಿಲ್ಲವೆಂಬುದನ್ನೂ ಹೇಳಬೇಕು: ಔಷಧವಾಗಿ ಸಿಗುವ ಬಿ12 ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ, ಪ್ರಾಣಿಗಳ ಮಾಂಸದಿಂದಲ್ಲ.

ಕಬ್ಬಿಣದ ಕೊರತೆಯ ಮೂಲಗಳು ಇಲ್ಲಿ ಪರಿಚಿತವಾದವೇ. ಜೋಳದ ರೊಟ್ಟಿ, ಮಡಕೆ ಕಾಳು, ಗುರೆಳ್ಳು ಮತ್ತು ಶೇಂಗಾ ಹಿಂಡಿ, ಮೆಂತ್ಯೆ ಪಲ್ಲೆ, ಪುಂಡಿ ಪಲ್ಲೆ ಇರುವ ಊಟದಲ್ಲಿ ಕಬ್ಬಿಣ ಇಲ್ಲದಿಲ್ಲ. ಆದರೆ ಧಾನ್ಯ ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ಇನ್ನಷ್ಟು ತಡೆಯುತ್ತದೆ. ಮಡಕೆಯನ್ನು ಮೊಳಕೆ ಬರಿಸಿ ಲಿಂಬೆ ಹಿಂಡಿ ತಿನ್ನುವ ಪದ್ಧತಿ ಈ ತಡೆಯನ್ನು ಸಡಿಲಿಸುತ್ತದೆ, ಚಹಾವನ್ನು ಊಟದಿಂದ ಒಂದೆರಡು ತಾಸು ದೂರವಿಟ್ಟರೂ ಲಾಭವಿದೆ. ಬರಿಗಾಲಿನಲ್ಲಿ ಹಸಿ ಮಣ್ಣು ತುಳಿಯುವವರ ಪಾದದ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಕೊಕ್ಕೆಹುಳು ಇನ್ನೊಂದು ಮೂಲ. ಚಪ್ಪಲಿಯೊಂದು ಇಲ್ಲಿ ಪಾದವನ್ನೂ ರಕ್ತವನ್ನೂ ಕಾಯುತ್ತದೆ. ಹೃದ್ರೋಗಕ್ಕಾಗಿ ದಿನವೂ ಆಸ್ಪಿರಿನ್ ನುಂಗುವವರಲ್ಲಿ, ಮಂಡಿನೋವಿಗೆ ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವವರಲ್ಲಿ ಜಠರದಿಂದ ಕಣ್ಣಿಗೆ ಕಾಣದಂತೆ ರಕ್ತ ಸೋರುತ್ತಿರಬಹುದು. ಐವತ್ತು ದಾಟಿದ ಗಂಡಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ ಜಠರ ಮತ್ತು ಕರುಳನ್ನು ಪರೀಕ್ಷಿಸಲೇಬೇಕು, ಏಕೆಂದರೆ ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು.

ರಕ್ತ ಹೆಚ್ಚಲು ಬೆಲ್ಲ ತಿನ್ನಬೇಕೆಂಬ ನಂಬಿಕೆಯ ಬಗ್ಗೆ, ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ನೆರೆಯಲ್ಲಿ, ಸೌಮ್ಯವಾಗಿಯಾದರೂ ಸ್ಪಷ್ಟವಾಗಿ ಮಾತನಾಡಬೇಕಾಗಿದೆ. ಬೆಲ್ಲದಲ್ಲಿ ಕಬ್ಬಿಣ ಇರುವುದು ನಿಜ, ಆದರೆ ಅದರ ಪ್ರಮಾಣ ಒಂದೊಂದು ಬೆಲ್ಲದಲ್ಲಿ ಒಂದೊಂದು ಬಗೆ. ದಿನಕ್ಕೆ ಗಂಡಸಿಗೆ 19, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿರುವ ಅಗತ್ಯದಲ್ಲಿ ಒಂದು ತುಂಡು ಬೆಲ್ಲ ತುಂಬುವುದು ಅತಿ ಸಣ್ಣ ಪಾಲನ್ನು. ಅದರ ಬಹುಭಾಗ ಸಕ್ಕರೆಯೇ ಆಗಿರುವುದರಿಂದ ರಕ್ತದ ಗ್ಲೂಕೋಸ್ ಏರುವುದು ಮಾತ್ರ ಖಚಿತ. ಗಾಯಕ್ಕೆ ಅರಿಷಿಣ ಮೆತ್ತುವ ರೂಢಿಯೂ ಹೀಗೆಯೇ: ಅರಿಷಿಣ ಬೆಳೆಯುವ ನಾಡಿನಲ್ಲಿ ಅದರ ಮೇಲಿನ ವಿಶ್ವಾಸ ಸಹಜ, ಆದರೆ ಹಳದಿ ಪುಡಿಯ ಕೆಳಗೆ ಹುಣ್ಣಿನ ಅಂಚು ಕೆಂಪಾಗಿದೆಯೋ ಕಪ್ಪಾಗಿದೆಯೋ ಕಾಣದೆ ಹೋಗುತ್ತದೆ, ಆ ಕಾಣದ ದಿನಗಳಲ್ಲಿ ಸೋಂಕು ಎಲುಬು ಮುಟ್ಟುತ್ತದೆ.

ರಕ್ತಹೀನತೆ ಮಧುಮೇಹದ ಲೆಕ್ಕವನ್ನೇ ಕೆಡಿಸುತ್ತದೆಂಬುದು ಎಲ್ಲಕ್ಕಿಂತ ಕಡಿಮೆ ಪ್ರಚಾರ ಪಡೆದ ಸಂಗತಿ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಮೋಗ್ಲೋಬಿನಿಗೆ ಅಂಟಿಕೊಂಡ ಗ್ಲೂಕೋಸನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಕೆಂಪುಕಣವೊಂದರ ಆಯುಷ್ಯ ಸುಮಾರು 120 ದಿನ ಎಂಬುದು ಅದರ ಆಧಾರ. ಕಬ್ಬಿಣದ ಕೊರತೆಯಲ್ಲಿ ಕಣಗಳು ಹೆಚ್ಚು ಕಾಲ ಉಳಿದು ಈ ಸಂಖ್ಯೆ ವಾಸ್ತವಕ್ಕಿಂತ ಹೆಚ್ಚು ಬರಬಹುದು, ಅದನ್ನು ನೋಡಿ ಔಷಧ ಏರಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ರಕ್ತಸ್ರಾವವಾದವರಲ್ಲಿ, ರಕ್ತ ಕೊಡಿಸಿಕೊಂಡವರಲ್ಲಿ, ಮುಂದುವರಿದ ಮೂತ್ರಪಿಂಡದ ಕಾಯಿಲೆಯವರಲ್ಲಿ ಅದು ವಾಸ್ತವಕ್ಕಿಂತ ಕಡಿಮೆ ಬಂದು ಎಲ್ಲವೂ ಸರಿಯಿದೆಯೆಂಬ ಭ್ರಮೆ ಹುಟ್ಟಿಸಬಹುದು. ಹುಣ್ಣಿರುವ ರಕ್ತಹೀನ ರೋಗಿಯ ಸಕ್ಕರೆಯನ್ನು ಬೆರಳ ತುದಿಯ ರಕ್ತದಿಂದ ದಿನದ ಬೇರೆ ಬೇರೆ ಹೊತ್ತಿನಲ್ಲಿ ನೋಡುವುದೇ ಭರವಸೆಯ ದಾರಿ.

ಹಾಗಾದರೆ ರಕ್ತಹೀನತೆಯನ್ನು ಸರಿಪಡಿಸಿದರೆ ಹುಣ್ಣು ಬೇಗ ಮಾಯುವುದೇ? ಈ ನೇರ ಪ್ರಶ್ನೆಗೆ ಹೌದೆಂದು ಖಚಿತವಾಗಿ ಉತ್ತರಿಸುವಷ್ಟು ದೊಡ್ಡ ಪ್ರಯೋಗಗಳು ವೈದ್ಯಲೋಕದ ಕೈಯಲ್ಲಿಲ್ಲ. ಇರುವ ಅಧ್ಯಯನಗಳು ಬಹುಪಾಲು ಎರಡೂ ಒಟ್ಟಿಗೆ ಇರುವುದನ್ನು ತೋರಿಸುವಂಥವು, ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸುವಂಥವಲ್ಲ. ಕಾರಣ ಹುಡುಕುವುದರ ಮಹತ್ವ ಇದರಿಂದ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಕಬ್ಬಿಣದ ಕೊರತೆ ಸಾಬೀತಾದವನಿಗೆ ಕಬ್ಬಿಣ ಕೊಡುವುದು, ಬಿ12 ಇಲ್ಲದವನಿಗೆ ಬಿ12 ಕೊಡುವುದು, ಮೂತ್ರಪಿಂಡ ಸೋತವನನ್ನು ಆ ತಜ್ಞರ ಬಳಿಗೆ ಕಳಿಸುವುದು, ಇವು ಹುಣ್ಣು ಇಲ್ಲದಿದ್ದರೂ ಮಾಡಲೇಬೇಕಾದ ಕೆಲಸಗಳು. ಕಬ್ಬಿಣದ ಗುಳಿಗೆಯನ್ನು ದಿನ ಬಿಟ್ಟು ದಿನ ಕೊಟ್ಟರೆ ಹೆಚ್ಚು ಹೀರಲ್ಪಡುತ್ತದೆಂದು, ಏಕೆಂದರೆ ಒಂದು ಗುಳಿಗೆಯೇ ಹೆಪ್ಸಿಡಿನನ್ನು ಒಂದು ದಿನದ ಮಟ್ಟಿಗೆ ಏರಿಸುತ್ತದೆಂದು, ಇತ್ತೀಚಿನ ಸಂಶೋಧನೆ ತೋರಿಸಿರುವುದು ಬಡ ರೋಗಿಗೆ ಖರ್ಚನ್ನೂ ಹೊಟ್ಟೆನೋವನ್ನೂ ಕಡಿಮೆ ಮಾಡುವ ಸುದ್ದಿ. ನೆಲಕ್ಕೆ ಪಾದದ ಭಾರ ಬೀಳದಂತೆ ಮಾಡುವುದಕ್ಕೂ ದುಬಾರಿ ಸಲಕರಣೆಯೇ ಬೇಕೆಂದಿಲ್ಲ. ಬಳಸಿದ ಶಸ್ತ್ರಚಿಕಿತ್ಸಾ ಕೈಗವಸುಗಳನ್ನು ಸ್ವಚ್ಛಗೊಳಿಸಿ ಸುರುಳಿ ಸುತ್ತಿ ಪಾದದಡಿ ಕಟ್ಟುವ ಮಂದಾಕಿನಿ ಎಂಬ ಅಗ್ಗದ ಉಪಾಯವನ್ನು ಭಾರತೀಯ ಶಸ್ತ್ರವೈದ್ಯರೇ ರೂಪಿಸಿದ್ದಾರೆ.

ಸರ್ಕಾರಿ ಕಾರ್ಯಕ್ರಮಗಳ ರಚನೆಯಲ್ಲಿ ಇಲ್ಲೊಂದು ಬಿರುಕು ಕಾಣುತ್ತದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆ ಆರು ವರ್ಗಗಳನ್ನು ಗುರಿಯಾಗಿಸಿಕೊಂಡಿದೆ: ಎಳೆಯ ಮಕ್ಕಳು, ಶಾಲೆಯ ಮಕ್ಕಳು, ಹದಿಹರೆಯದವರು, ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು. ಆ ಆಯ್ಕೆಗೆ ಒಳ್ಳೆಯ ಕಾರಣಗಳಿವೆ. ಆದರೆ ಪಾದದ ಹುಣ್ಣಿನ ಸಾಮಾನ್ಯ ರೋಗಿ, ಅಂದರೆ ಐವತ್ತು ಅರವತ್ತರ ರೈತ ಅಥವಾ ನೇಕಾರ, ಮುಟ್ಟು ನಿಂತ ಹೆಂಗಸು, ಆ ಪಟ್ಟಿಯಲ್ಲಿಲ್ಲ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಟಿಸಿದ ರಕ್ತಹೀನತೆಯ ಪ್ರಧಾನ ಅಂಕಿಗಳು 49ಕ್ಕೆ ನಿಂತದ್ದರಿಂದ ಅವರ ರಕ್ತ ಲೆಕ್ಕಕ್ಕೂ ಬರಲಿಲ್ಲ. 2010ರಿಂದ ನಡೆದಿರುವ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡಗಳನ್ನು ನೋಡುತ್ತದೆ. ಬೆರಳು ಚುಚ್ಚಿ ಸಕ್ಕರೆ ನೋಡಿದ ಅದೇ ಹನಿಯ ಪಕ್ಕದ ಹನಿಯಲ್ಲಿ ಹಿಮೋಗ್ಲೋಬಿನ್ ನೋಡುವ ಸಲಕರಣೆ ಗರ್ಭಿಣಿಯರಿಗಾಗಿ ಅದೇ ಉಪಕೇಂದ್ರದ ಮೇಜಿನ ಮೇಲಿರುವುದುಂಟು. ಎರಡು ಯೋಜನೆಗಳನ್ನು ಮಧುಮೇಹಿಯ ಮಟ್ಟಿಗೆ ಕೂಡಿಸಲು ಹೊಸ ಕಟ್ಟಡ ಬೇಕಾಗಿಲ್ಲ, ನೋಂದಣಿ ಪುಸ್ತಕದಲ್ಲಿ ಎರಡು ಹೊಸ ಅಂಕಣಗಳು ಸಾಕು: ಹಿಮೋಗ್ಲೋಬಿನ್ ಎಷ್ಟು, ಪಾದ ನೋಡಿದ್ದು ಯಾವಾಗ. ಹಾಗಾಗದಿದ್ದರೆ ಈ ಸೀಮೆಯ ರೋಗಿ ಬೆರಳು ಕಪ್ಪಾದ ಮೇಲೆ ಬಾಗಲಕೋಟೆಗೋ ಬೆಳಗಾವಿಗೋ ಮಿರಜಿಗೋ ಹೋಗುವುದು, ಅಲ್ಲಿ ಮೊದಲ ದಿನದ ರಕ್ತಪರೀಕ್ಷೆಯಲ್ಲಿ 8 ಗ್ರಾಂ ಎಂದು ತಿಳಿದು ಶಸ್ತ್ರಚಿಕಿತ್ಸೆಯೇ ಮುಂದಕ್ಕೆ ಹೋಗುವುದು ತಪ್ಪುವುದಿಲ್ಲ.

ಸರ್ಕಾರದ ಹೊರಗೂ ಇಂಥ ತಪಾಸಣೆಗೆ ಒಂದು ಅವಕಾಶವಿದೆ. ಯುಗಾದಿಗೆ ಮೊದಲು ಈ ಭಾಗದ ಸಾವಿರಾರು ಭಕ್ತರು ಕಂಬಿ ಹೊತ್ತು, ನೂರಾರು ಕಿಲೋಮೀಟರ್ ನಡೆದು ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುತ್ತಾರೆ, ಅವರಲ್ಲಿ ಅನೇಕರು ಬರಿಗಾಲಿನವರು. ಫಾಲ್ಗುಣದ ಬಿಸಿಲಿಗೆ ಕಾದ ಡಾಂಬರು ರಸ್ತೆ ಸ್ಪರ್ಶಜ್ಞಾನವಿಲ್ಲದ ಅಂಗಾಲನ್ನು ಸುಟ್ಟರೂ ಯಾತ್ರಿಕನಿಗೆ ಅದು ಸಂಜೆ ಬೊಕ್ಕೆ ಕಂಡಾಗಲೇ ತಿಳಿಯುತ್ತದೆ. ಭಕ್ತಿಯನ್ನು ಪ್ರಶ್ನಿಸುವುದು ವೈದ್ಯಶಾಸ್ತ್ರದ ಕೆಲಸವಲ್ಲ, ಯಾತ್ರೆ ನಿಲ್ಲಿಸಿರೆಂದು ಹೇಳಿದರೆ ಕೇಳುವವರೂ ಇಲ್ಲ. ದಾರಿಯುದ್ದಕ್ಕೂ ಅನ್ನ, ನೀರು, ಕಾಲಿಗೆ ಮುಲಾಮು ಒದಗಿಸುವ ದಾಸೋಹದ ದೊಡ್ಡ ವ್ಯವಸ್ಥೆಯನ್ನು ಜನರೇ ಕಟ್ಟಿಕೊಂಡಿದ್ದಾರೆ. ಅದೇ ವ್ಯವಸ್ಥೆ ಹೊರಡುವುದಕ್ಕೆ ಎರಡು ತಿಂಗಳ ಮೊದಲು, ಸಂಕ್ರಾಂತಿಯ ಹೊತ್ತಿಗೆ, ಪ್ರತಿ ಊರಿನ ಮಧುಮೇಹಿ ಯಾತ್ರಿಕರ ಪಾದವನ್ನು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಮುಟ್ಟಿ ನೋಡುವ, ಹಿಮೋಗ್ಲೋಬಿನ್ ಅಳೆಯುವ ಒಂದು ಬೆಳಗನ್ನು ಏರ್ಪಡಿಸಬಹುದು. ಎಳೆ ಬಾಗುವಷ್ಟು ಒತ್ತಿದರೂ ಮುಟ್ಟಿದ್ದು ತಿಳಿಯದವರು ಮೆತ್ತನೆಯ ಅಟ್ಟೆಯ ಪಾದರಕ್ಷೆ ತೊಟ್ಟು ನಡೆಯಬೇಕು, ರಕ್ತ ಕಡಿಮೆ ಇರುವವರು ಕಾರಣ ತಿಳಿದು ಚಿಕಿತ್ಸೆ ಆರಂಭಿಸಬೇಕು, ಪಾದದಲ್ಲಿ ಈಗಾಗಲೇ ಹುಣ್ಣಿರುವವರು ಆ ವರ್ಷ ವಾಹನದಲ್ಲಿ ಹೋಗಿ ದರ್ಶನ ಪಡೆಯಬೇಕು. ಎರಡು ತಿಂಗಳೆಂದರೆ ಕಬ್ಬಿಣದ ಕೊರತೆಯೊಂದೇ ಇದ್ದವನ ಹಿಮೋಗ್ಲೋಬಿನ್ ಎರಡು ಗ್ರಾಂನಷ್ಟು ಏರಲು ಸಾಮಾನ್ಯವಾಗಿ ಸಾಕಾಗುವ ಕಾಲ.